ಗೌರವಖಡ್ಗದ ಬೆಲೆ



ಶೌರ್ಯ ಮೆರೆದವನಿಗೆ ಖಡ್ಗವನ್ನಿತ್ತು ಸನ್ಮಾನಿಸುವ ಪದ್ಧತಿ ಬಹು ಹಿಂದಿನದು. ಯುದ್ಧಭೂಮಿಯಲ್ಲಿ ಖಡ್ಗದ ಉಪಯೋಗ ಮುಗಿದು ಎಷ್ಟೋ ಕಾಲವಾಗಿದ್ದರೂ ಗೌರವದ ಕುರುಹಾಗಿ ಅದರ ಸ್ಥಾನ ಇನ್ನೂ ಅಳಿದಿಲ್ಲ. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿ, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ, ಹೈದರಾಬಾದಿನ ಸಮೀಪದ ದುಂಡಿಗಲ್‌ನಲ್ಲಿರುವ ವಾಯುಪಡೆ ಅಕಾಡೆಮಿ ಇವೆಲ್ಲವುಗಳಲ್ಲಿ ತರಬೇತಿ ಮುಗಿಸಿ ಹೊರಬರುವ ಅತ್ಯುತ್ತಮ ಅಭ್ಯರ್ಥಿಗೆ ಇಂದಿಗೂ ಗೌರವಖಡ್ಗವನ್ನು ನೀಡಲಾಗುತ್ತದೆ. ನೌಕಾಪಡೆಯ ಅಧಿಕಾರಿಗಳು ವಿಧ್ಯುಕ್ತ ಸಮಾರಂಭಗಳಲ್ಲಿ ಸೊಂಟಕ್ಕೆ ಖಡ್ಗ ಧರಿಸಿಯೇ ನಿಲ್ಲುತ್ತಾರೆ.

ಪ್ರಕೃತ ಉಪನ್ಯಾಸದ ವಿಷಯ, ಎರಡು ಶತಮಾನಗಳ ಹಿಂದೆ ಲಂಡನ್ ನಗರದಲ್ಲಿ ಸಿದ್ಧವಾಗಿ ಬ್ರಿಟಿಷ್ ನೌಕಾಧಿಕಾರಿಗಳ ಕೈ ಸೇರಿದ ಅಲಂಕೃತ ಖಡ್ಗಗಳ ಒಂದು ವಿಶಿಷ್ಟ ಮಾಲೆ. ಇವನ್ನು ಕೊಟ್ಟವನು ಅರಸನಲ್ಲ, ಸರ್ಕಾರವೂ ಅಲ್ಲ. ಕೊಟ್ಟವರು ವರ್ತಕರು ಮತ್ತು ಹಡಗುಗಳ ವಿಮೆ ಮಾಡುತ್ತಿದ್ದವರು. ಕೇವಲ ಆರು ವರ್ಷಗಳ ಕಾಲ ನಡೆದ ಈ ಕೊಡುಗೆಯನ್ನು ಕೊಟ್ಟವರೇ ಕೊನೆಗೆ ನಿಲ್ಲಿಸಿದರು. ಅವರು ಅದನ್ನು ಏಕೆ ಆರಂಭಿಸಿದರು, ಏಕೆ ನಿಲ್ಲಿಸಿದರು ಎಂಬುದರಲ್ಲಿ, ಯೋಧನಿಗೆ ನಾಡು ಸಲ್ಲಿಸಬೇಕಾದ ಕೃತಜ್ಞತೆಯ ಸ್ವರೂಪವೇನು ಎಂಬ ಪ್ರಶ್ನೆ ಅಡಗಿದೆ. ಆ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

1802ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳ ನಡುವೆ ಆಮಿಯೆನ್ಸ್ ನಗರದಲ್ಲಿ ಏರ್ಪಟ್ಟ ಶಾಂತಿ ಒಪ್ಪಂದ ಬಹುಕಾಲ ಬಾಳಲಿಲ್ಲ. 1803ರ ಮೇ ತಿಂಗಳಿನಲ್ಲಿ ಯುದ್ಧ ಮತ್ತೆ ಆರಂಭವಾಯಿತು. ನೆಪೋಲಿಯನ್ ಕಾಲುವೆಯ ಆಚೆಯ ದಡದಲ್ಲಿ ಸೈನ್ಯವನ್ನು ಜಮಾಯಿಸತೊಡಗಿದನು. ಇಂಗ್ಲೆಂಡಿನ ಮೇಲೆ ದಾಳಿ ನಡೆಯುವುದೆಂಬ ಆತಂಕ ಮನೆಮನೆಯಲ್ಲಿಯೂ ಹಬ್ಬಿತು. ಆ ವರ್ಷದ ಜುಲೈ ತಿಂಗಳಿನಲ್ಲಿ ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯ ಸದಸ್ಯರು ಸಭೆ ಸೇರಿ ಒಂದು ದೇಶಭಕ್ತಿ ನಿಧಿಯನ್ನು ಸ್ಥಾಪಿಸಿದರು.

ಲಾಯ್ಡ್ಸ್ ಎಂಬುದರ ಮೂಲ ಒಂದು ಕಾಫಿಗೃಹ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತ ನಡೆಸುತ್ತಿದ್ದ ಅಂಗಡಿಯಲ್ಲಿ ಹಡಗುಗಳ ಒಡೆಯರು, ಕಪ್ತಾನರು, ವರ್ತಕರು ಸೇರುತ್ತಿದ್ದರು. ಯಾವ ಹಡಗು ಎಲ್ಲಿದೆ, ಯಾವುದು ಮುಳುಗಿತು, ಯಾವುದು ಶತ್ರುವಿನ ವಶವಾಯಿತು ಎಂಬ ಸುದ್ದಿ ಅಲ್ಲಿ ಮೊದಲು ತಿಳಿಯುತ್ತಿತ್ತು. ಸುದ್ದಿ ಇದ್ದಲ್ಲಿ ವಿಮೆಯ ವ್ಯವಹಾರ ಬೆಳೆಯಿತು. 1774ರ ಹೊತ್ತಿಗೆ ಈ ಬಳಗ ಲಂಡನ್ನಿನ ರಾಯಲ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ಸ್ಥಳಾಂತರಗೊಂಡು ವ್ಯವಸ್ಥಿತ ಸಂಸ್ಥೆಯಾಯಿತು. ಸಮುದ್ರದ ಮೇಲೆ ಶತ್ರು ಹಿಡಿದುಕೊಂಡ ಪ್ರತಿಯೊಂದು ಹಡಗಿನ ನಷ್ಟವೂ ಇವರ ತಲೆಯ ಮೇಲೆಯೇ ಬೀಳುತ್ತಿತ್ತು. ಆದ್ದರಿಂದ ನೌಕಾಪಡೆಯ ಗೆಲುವಿನಲ್ಲಿ ಇವರಿಗೆ ದೇಶಾಭಿಮಾನದ ಜೊತೆಗೆ ಸ್ವಹಿತವೂ ಇತ್ತು. ಇದನ್ನು ಮರೆಮಾಚುವ ಅಗತ್ಯವಿಲ್ಲ. ಹಾಗೆಂದು ಅವರ ಔದಾರ್ಯವನ್ನು ಕಡೆಗಣಿಸುವುದೂ ಸಲ್ಲದು.

ಆಗ ಲಾಯ್ಡ್ಸ್ ಸಂಸ್ಥೆಯ ಅಧ್ಯಕ್ಷನಾಗಿದ್ದವನು ಬ್ರೂಕ್ ವಾಟ್ಸನ್. ಬಾಲಕನಾಗಿ ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದ ಈತ 1749ರಲ್ಲಿ ಹವಾನಾ ಬಂದರಿನಲ್ಲಿ ಈಜುತ್ತಿದ್ದಾಗ ಶಾರ್ಕ್ ಮೀನಿನ ಬಾಯಿಗೆ ಸಿಕ್ಕಿ ಒಂದು ಕಾಲನ್ನು ಕಳೆದುಕೊಂಡಿದ್ದನು. ಮರದ ಕಾಲಿನ ಮೇಲೆಯೇ ಬದುಕನ್ನು ಕಟ್ಟಿಕೊಂಡು ದೊಡ್ಡ ವರ್ತಕನಾಗಿ, ಲಂಡನ್ ನಗರದ ಮೇಯರ್ ಪದವಿಗೂ ಏರಿದವನು ಈತ. ಸಮುದ್ರದಲ್ಲಿ ಅಂಗಹೀನನಾದವನ ಪಾಡು ಏನೆಂಬುದನ್ನು ಆ ಸಂಸ್ಥೆಯ ಅಧ್ಯಕ್ಷನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ನಿಧಿಯ ಉದ್ದೇಶಗಳು ಎರಡು. ಮೊದಲನೆಯದು, ಯುದ್ಧದಲ್ಲಿ ಗಾಯಗೊಂಡವರಿಗೂ ಮಡಿದವರ ವಿಧವೆಯರಿಗೂ ಅನಾಥ ಮಕ್ಕಳಿಗೂ ನೆರವು ನೀಡುವುದು. ಎರಡನೆಯದು, ವಿಶೇಷ ಶೌರ್ಯವನ್ನು ಮೆರೆದವರಿಗೆ ಗೌರವದ ಕುರುಹುಗಳನ್ನು ಅರ್ಪಿಸುವುದು. ಈ ಎರಡನೆಯ ಉದ್ದೇಶದಿಂದಲೇ ಗೌರವಖಡ್ಗಗಳು ರೂಪುಗೊಂಡವು. ಆಗಿನ್ನೂ ಶೌರ್ಯಕ್ಕಾಗಿ ಪದಕ ನೀಡುವ ಕ್ರಮ ವ್ಯಾಪಕವಾಗಿ ಬೆಳೆದಿರಲಿಲ್ಲವೆಂಬುದನ್ನು ನೆನಪಿಟ್ಟರೆ, ಈ ಖಡ್ಗಗಳಿಗೆ ಅಷ್ಟೊಂದು ಮನ್ನಣೆ ದೊರೆತುದೇಕೆಂಬುದು ಸ್ಪಷ್ಟವಾಗುತ್ತದೆ.

ಈ ಖಡ್ಗಗಳನ್ನು ತಯಾರಿಸಿ ಒದಗಿಸಿದವನು ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಲ್ಯಾಂಕಾಸ್ಟರ್ ಕೋರ್ಟ್‌ನಲ್ಲಿ ಅಂಗಡಿ ಇಟ್ಟಿದ್ದ ರಿಚರ್ಡ್ ಟೀಡ್. ಖಡ್ಗಗಳಲ್ಲಿ ಮೂರು ದರ್ಜೆಗಳಿದ್ದವು. 100 ಪೌಂಡ್ ಬೆಲೆಯದು ನೌಕಾಪಡೆಯ ಕಪ್ತಾನರಿಗೂ ಕಮಾಂಡರ್‌ಗಳಿಗೂ, 50 ಪೌಂಡಿನದು ಲೆಫ್ಟಿನೆಂಟ್‌ಗಳಿಗೂ, 30 ಪೌಂಡಿನದು ಮಿಡ್‌ಶಿಪ್‌ಮನ್ ಮೊದಲಾದ ಕಿರಿಯರಿಗೂ ಸಲ್ಲುತ್ತಿತ್ತು. ಖಡ್ಗದ ಬದಲು ಅಷ್ಟೇ ಬೆಲೆಯ ಬೆಳ್ಳಿಯ ಪಾತ್ರೆಯನ್ನಾಗಲಿ ನಗದು ಹಣವನ್ನಾಗಲಿ ಆರಿಸಿಕೊಳ್ಳುವ ಅವಕಾಶವೂ ಇತ್ತು.

ಖಡ್ಗದ ರಚನೆ ಬಹು ಸೊಗಸಾದುದು. ಅಲಗು ತುಸು ಬಾಗಿದ್ದು, ಅದರ ಉಕ್ಕಿಗೆ ಕಾಯಿಸಿ ಗಾಢ ನೀಲಿಯ ಹೊಳಪನ್ನು ತರಲಾಗುತ್ತಿತ್ತು. ಆ ನೀಲಿಯ ಮೇಲೆ ಚಿನ್ನದ ಬಣ್ಣದಲ್ಲಿ ಬಳ್ಳಿಗಳು, ಆಯುಧಗಳು, ದೇವತಾಮೂರ್ತಿಗಳು. ನಡುವೆ ದೇಶಭಕ್ತಿ ನಿಧಿಯಿಂದ ಇಂಥವನಿಗೆ, ಇಂಥ ಕಾರ್ಯಕ್ಕಾಗಿ, ಇಂಥ ದಿನ ಎಂಬ ಬರಹ. ಹಿಡಿ ದಂತದ್ದು, ಅದರ ಲೋಹದ ಭಾಗಗಳಿಗೆಲ್ಲ ಚಿನ್ನದ ಲೇಪ. 100 ಪೌಂಡಿನ ಖಡ್ಗದ ಒರೆ ಉಬ್ಬುಚಿತ್ರಗಳಿಂದ ತುಂಬಿ ಥಳಥಳಿಸುತ್ತಿತ್ತು. ಕೆಳಗಿನ ದರ್ಜೆಯ ಖಡ್ಗಗಳ ಒರೆಗಳಿಗೆ ಕಪ್ಪು ತೊಗಲಿನ ಮೇಲೆ ಚಿನ್ನದ ಲೇಪದ ಪಟ್ಟಿಗಳಿರುತ್ತಿದ್ದವು. ಇವನ್ನೆಲ್ಲ ಮಹಾಗನಿ ಮರದ ಪೆಟ್ಟಿಗೆಯಲ್ಲಿಟ್ಟು ಅರ್ಪಿಸಲಾಗುತ್ತಿತ್ತು.

ಹಿಡಿಯ ಅಲಂಕಾರದಲ್ಲಿ ಒಂದು ಸಂಕೇತಮಾಲೆಯೇ ಅಡಗಿದೆ. ಹಿಡಿಯ ಬುಡದಲ್ಲಿ ಅಡ್ಡಲಾಗಿ ಇರುವುದು, ನಡುವೆ ಕೊಡಲಿಯನ್ನಿಟ್ಟು ಬಿಗಿದ ಕೋಲುಗಳ ಕಟ್ಟು. ಇದು ಪ್ರಾಚೀನ ರೋಮ್‌ನಲ್ಲಿ ಅಧಿಕಾರದ ಚಿಹ್ನೆಯಾಗಿತ್ತು. ಬೆರಳುಗಳನ್ನು ಕಾಯುವ ಬಾಗಿದ ಪಟ್ಟಿ, ಗ್ರೀಕ್ ಪುರಾಣದ ಮಹಾಬಲನಾದ ಹರ್ಕ್ಯುಲಿಸನ ಗದೆ. ಆ ಗದೆಗೆ ಸುತ್ತಿಕೊಂಡಿರುವುದು ಒಂದು ಹಾವು. ಹಿಡಿಯ ತುದಿಯಲ್ಲಿ ಸಿಂಹದ ತಲೆ. ಹಿಂಬದಿಯಲ್ಲಿ ಇಳಿದಿರುವುದು ಅದರ ಚರ್ಮ. ಹರ್ಕ್ಯುಲಿಸನು ಕೊಂದು ಮೈಮೇಲೆ ಹೊದ್ದ ನೆಮಿಯದ ಸಿಂಹ ಅದು. ನೋಡಿದವರಿಗೆ ಅರ್ಥವಾಗಲೆಂದು ಪೆಟ್ಟಿಗೆಯೊಳಗೆ ವಿವರಣೆಯ ಒಂದು ಅಚ್ಚಿನ ಹಾಳೆಯನ್ನೂ ಇಡುತ್ತಿದ್ದರು. ಅದರ ತಾತ್ಪರ್ಯ ಇಷ್ಟು: ಕೋಲುಗಳ ಕಟ್ಟು ಸೂಚಿಸುವ ರಾಷ್ಟ್ರೈಕ್ಯದಿಂದ ಹರ್ಕ್ಯುಲಿಸನಂಥ ಮಹಾಪ್ರಯತ್ನ ಹುಟ್ಟುತ್ತದೆ, ಹಾವು ಸೂಚಿಸುವ ವಿವೇಕ ಅದಕ್ಕೆ ಜೊತೆಯಾದಾಗ, ಸಿಂಹಚರ್ಮ ಸೂಚಿಸುವ ವಿಜಯ ಲಭಿಸುತ್ತದೆ.

ಇಂಥ ಖಡ್ಗವನ್ನು ಯಾವ ಅಧಿಕಾರಿಯೂ ಕಾಳಗಕ್ಕೆ ಒಯ್ಯುತ್ತಿರಲಿಲ್ಲ. ಶತ್ರುವಿನ ಹಡಗಿಗೆ ನುಗ್ಗುವಾಗ ಬೇಕಾಗುತ್ತಿದ್ದುದು ಅಲಂಕಾರವಿಲ್ಲದ ಗಟ್ಟಿ ಕತ್ತಿ. ಗೌರವಖಡ್ಗ ಮನೆಯ ಗೋಡೆಗೆ, ಮೆರವಣಿಗೆಗೆ, ಮೊಮ್ಮಕ್ಕಳ ನೆನಪಿಗೆ ಮೀಸಲಾದ ವಸ್ತು.

ಈ ಖಡ್ಗಗಳಲ್ಲಿ ಕೆಲವು ಪೂರ್ವದ ಸಮುದ್ರಗಳಲ್ಲಿ ನಡೆದ ಘಟನೆಗಳಿಗಾಗಿ ದೊರೆತವು. 1804ರ ಜನವರಿ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಾಣಿಜ್ಯ ಹಡಗುಗಳ ಒಂದು ಸಮೂಹ ಚೀನಾದ ಕ್ಯಾಂಟನ್ನಿನಿಂದ ಹೊರಟಿತು. ಅದರ ನಾಯಕ ಕಮೋಡೋರ್ ನಥಾನಿಯಲ್ ಡಾನ್ಸ್. ಕಂಪನಿಯ 16 ದೊಡ್ಡ ಹಡಗುಗಳ ಜೊತೆಗೆ ಭಾರತ ಮತ್ತು ಚೀನಾಗಳ ನಡುವೆ ವ್ಯಾಪಾರ ನಡೆಸುತ್ತಿದ್ದ 11 ಹಡಗುಗಳೂ ಇದ್ದವು. ಅವುಗಳಲ್ಲಿದ್ದ ಸರಕಿನ ಮೌಲ್ಯ ಸುಮಾರು 80 ಲಕ್ಷ ಪೌಂಡ್ ಎಂದು ಅಂದಾಜು. ಬೆಂಗಾವಲಿಗೆ ನೌಕಾಪಡೆಯ ಒಂದು ಯುದ್ಧನೌಕೆಯೂ ಇರಲಿಲ್ಲ. ಫೆಬ್ರವರಿ 14ರಂದು ಮಲಯ ಪರ್ಯಾಯದ್ವೀಪದ ಬಳಿಯ ಪುಲೊ ಔರಾ ದ್ವೀಪದ ಸಮೀಪ ಫ್ರೆಂಚ್ ನೌಕಾಧಿಪತಿ ಲಿನ್ವಾನ ಯುದ್ಧನೌಕೆಗಳು ಎದುರಾದವು. ಅವುಗಳಲ್ಲಿ ಒಂದು 74 ಫಿರಂಗಿಗಳ ಹಿರಿಯ ನೌಕೆ.

ಡಾನ್ಸ್ ಓಡಲಿಲ್ಲ. ಕಂಪನಿಯ ದೊಡ್ಡ ಹಡಗುಗಳು ದೂರದಿಂದ ಯುದ್ಧನೌಕೆಗಳಂತೆಯೇ ಕಾಣುತ್ತಿದ್ದುದರಿಂದ ಅವುಗಳಲ್ಲಿ ಕೆಲವಕ್ಕೆ ನೌಕಾಪಡೆಯ ಧ್ವಜವನ್ನೇರಿಸಿ, ಯುದ್ಧದ ಸಾಲು ಕಟ್ಟಿ ನಿಲ್ಲಿಸಿದನು. ಮರುದಿನ ಶತ್ರು ಸಮೀಪಿಸಿದಾಗ ತಾನೇ ಎದುರಿಗೆ ನಡೆದನು. ಸುಮಾರು 40 ನಿಮಿಷಗಳ ಕಾಲ ಗುಂಡು ಹಾರಿದ ಮೇಲೆ, ಎದುರಿಗಿರುವುದು ನಿಜವಾದ ಯುದ್ಧನೌಕೆಗಳೆಂದು ಭಾವಿಸಿದ ಲಿನ್ವಾ ಹಿಂದೆ ಸರಿದನು. ವಾಣಿಜ್ಯ ಹಡಗುಗಳು ಯುದ್ಧನೌಕೆಗಳನ್ನು ಸುಮಾರು ಎರಡು ತಾಸು ಅಟ್ಟಿಸಿಕೊಂಡು ಹೋದವು. ಖಡ್ಗದ ಹಿಡಿಯ ಮೇಲಿನ ವಿವೇಕದ ಹಾವಿಗೆ ಇದಕ್ಕಿಂತ ತಕ್ಕ ನಿದರ್ಶನ ಸಿಗುವುದು ಕಷ್ಟ.

ಡಾನ್ಸ್‌ಗೆ ನೈಟ್ ಪದವಿ ದೊರೆಯಿತು. ಮುಂಬಯಿಯ ವಿಮಾ ಸಂಘ ಅವನಿಗೆ 5,000 ಪೌಂಡ್‌ಗಳನ್ನು ನೀಡಿತು. ಲಾಯ್ಡ್ಸ್ ನಿಧಿ ಅವನಿಗೂ ಇತರ ಕಪ್ತಾನರಿಗೂ, ಪ್ರಯಾಣಿಕನಾಗಿದ್ದು ಸ್ವಇಚ್ಛೆಯಿಂದ ನೆರವಾದ ನೌಕಾಪಡೆಯ ಲೆಫ್ಟಿನೆಂಟ್ ಫೌಲರನಿಗೂ ಖಡ್ಗಗಳನ್ನು ಅರ್ಪಿಸಿತು. ಆ 80 ಲಕ್ಷ ಪೌಂಡಿನ ಸರಕು ಶತ್ರುವಿನ ಪಾಲಾಗಿದ್ದರೆ ಲಂಡನ್ನಿನ ವಿಮೆದಾರರ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಿದರೆ, ಈ ಖಡ್ಗಗಳ ವೆಚ್ಚ ಬಹಳ ಅಲ್ಪವೆಂದೇ ತೋರುತ್ತದೆ.

ಪೂರ್ವದ ಸಮುದ್ರಗಳಿಗೆ ಸಂಬಂಧಿಸಿದ ಇನ್ನೊಬ್ಬ ಅಧಿಕಾರಿ ಕಪ್ತಾನ ಜಾರ್ಜ್ ನಿಕೊಲಸ್ ಹಾರ್ಡಿಂಜ್. 1804ರಲ್ಲಿ ಡಚ್ಚರ ಒಂದು ಯುದ್ಧನೌಕೆಯನ್ನು ರಾತ್ರಿವೇಳೆಯ ದಾಳಿಯಲ್ಲಿ ವಶಪಡಿಸಿಕೊಂಡುದಕ್ಕಾಗಿ ಈ ತರುಣನಿಗೆ ಲಾಯ್ಡ್ಸ್‌ನಿಂದ ಗೌರವಖಡ್ಗ ದೊರೆತಿತ್ತು. ನಾಲ್ಕು ವರ್ಷಗಳ ನಂತರ, 1808ರ ಮಾರ್ಚ್ ತಿಂಗಳಿನಲ್ಲಿ, ಸ್ಯಾನ್ ಫಿಯೊರೆಂಜೊ ಎಂಬ ನೌಕೆಯ ಕಪ್ತಾನನಾಗಿ ಅವನು ಕೊಲಂಬೊದಿಂದ ಮುಂಬಯಿಯ ಕಡೆಗೆ ಹೊರಟಿದ್ದನು. ದಾರಿಯಲ್ಲಿ ಕಂಪನಿಯ ಮೂರು ಹಡಗುಗಳನ್ನು ಬೆನ್ನಟ್ಟುತ್ತಿದ್ದ ಪಿಯೆಮೊಂಟೇಸ್ ಎಂಬ ಫ್ರೆಂಚ್ ನೌಕೆ ಕಾಣಿಸಿತು. ಮೂರು ದಿನಗಳ ಕಾಲ ಬಿಟ್ಟುಬಿಟ್ಟು ಕಾಳಗ ನಡೆಯಿತು. ಮಾರ್ಚ್ 8ರಂದು ಹಾರ್ಡಿಂಜ್ ಗುಂಡು ತಗುಲಿ ಮಡಿದನು. ಅವನ ಲೆಫ್ಟಿನೆಂಟ್ ವಿಲಿಯಂ ಡಾಸನ್ ಕಾಳಗವನ್ನು ಮುಂದುವರಿಸಿ ಶತ್ರುನೌಕೆಯನ್ನು ವಶಪಡಿಸಿಕೊಂಡನು. ಹಾರ್ಡಿಂಜ್‌ಗೆ ಲಂಡನ್ನಿನ ಸಂತ ಪೌಲರ ಮಹಾದೇವಾಲಯದಲ್ಲಿ ಸ್ಮಾರಕವಿದೆ. ಮುಂಬಯಿಯ ಕೋಟೆ ಪ್ರದೇಶದ ಸಂತ ಥಾಮಸ್ ಕೆಥೆಡ್ರಲ್‌ನಲ್ಲಿಯೂ ಅಮೃತಶಿಲೆಯ ಸ್ಮಾರಕವಿದೆ. ಹಾರ್ನಿಮನ್ ಸರ್ಕಲ್ ಮಾರ್ಗವಾಗಿ ದಿನವೂ ಓಡಾಡುವ ಮುಂಬಯಿ ಕನ್ನಡಿಗರು ಅದನ್ನು ಒಳಹೊಕ್ಕು ನೋಡಬಹುದು.

ಆದರೆ ಆ ಸ್ಮಾರಕದ ಮುಂದೆ ನಿಂತವರು ಇನ್ನೂ ಒಂದು ಸಂಗತಿಯನ್ನು ನೆನೆಯಬೇಕು. ಸೋತ ಫ್ರೆಂಚ್ ನೌಕೆಯಲ್ಲಿ ಸುಮಾರು 200 ಮಂದಿ ಲಾಸ್ಕರರು ಇದ್ದರು. ಲಾಸ್ಕರರೆಂದರೆ ಯುರೋಪಿಯನ್ನರ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತ ಮೊದಲಾದ ಪೂರ್ವದೇಶಗಳ ಖಲಾಸಿಗಳು. ಹಿಂದೆ ಸೆರೆಸಿಕ್ಕ ವಾಣಿಜ್ಯ ಹಡಗುಗಳಿಂದ ಇವರನ್ನು ಹಿಡಿದು ತಂದು ಹಾಯಿ ಎಳೆಯುವ ಕೆಲಸಕ್ಕೆ ಹಚ್ಚಲಾಗಿತ್ತು. ತಮ್ಮದಲ್ಲದ ಯುದ್ಧದಲ್ಲಿ, ತಮ್ಮನ್ನು ಸೆರೆಹಿಡಿದವರ ಹಡಗಿನ ಮೇಲೆ, ಎರಡು ಕಡೆಯ ಗುಂಡುಗಳ ನಡುವೆ ಅವರು ನಿಲ್ಲಬೇಕಾಯಿತು. ಪುಲೊ ಔರಾದಲ್ಲಿ ಗೆದ್ದ ಸಮೂಹದ, ಭಾರತದಿಂದ ವ್ಯಾಪಾರಕ್ಕೆ ಹೋಗಿದ್ದ ಹಡಗುಗಳನ್ನು ನಡೆಸಿದವರಲ್ಲಿಯೂ ಇಂಥವರ ಪಾಲು ದೊಡ್ಡದು. ನೀಲಿ ಅಲಗಿನ ಮೇಲೆ ಚಿನ್ನದಲ್ಲಿ ಬರೆದ ಹೆಸರುಗಳಲ್ಲಿ ಅವರದು ಒಂದೂ ಇಲ್ಲ. ಖಡ್ಗದ ದರ್ಜೆಗಳು ಮೂರು. ಮೂರೂ ಅಧಿಕಾರಿಗಳಿಗೆ ಮತ್ತು ಅಧಿಕಾರಿಗಳಾಗಲಿರುವವರಿಗೆ. ಹಗ್ಗ ಎಳೆದವನಿಗೆ, ಫಿರಂಗಿಗೆ ಮದ್ದು ತುಂಬಿದವನಿಗೆ, ಅವನು ಬ್ರಿಟಿಷನಾದರೂ ಸರಿಯೆ, ಗೌರವಖಡ್ಗವಿರಲಿಲ್ಲ.

ಬ್ರಿಟಿಷ್ ನಾವಿಕನಿಗೆ ದೊರೆಯುತ್ತಿದ್ದುದೇನು? 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕಾಳಗ ನಡೆಯಿತು. ಬ್ರಿಟಿಷರ ಕಡೆಯಲ್ಲಿ ನೌಕಾಧಿಪತಿ ನೆಲ್ಸನ್ ಸೇರಿ ಸುಮಾರು 450 ಮಂದಿ ಮಡಿದರು. ಸುಮಾರು 1,200 ಮಂದಿ ಗಾಯಗೊಂಡರು. ಡಿಸೆಂಬರ್ 3ರಂದು ನಿಧಿಯ ಸಮಿತಿ ಸಭೆ ಸೇರಿ ನಿರ್ಣಯಗಳನ್ನು ಕೈಗೊಂಡಿತು. ನೆಲ್ಸನನ ಪತ್ನಿಗೂ, ಅವನ ಅನಂತರ ನಾಯಕತ್ವ ವಹಿಸಿದ ಕಾಲಿಂಗ್‌ವುಡ್‌ಗೂ ತಲಾ 500 ಪೌಂಡ್ ಬೆಲೆಯ ಬೆಳ್ಳಿಯ ಕಲಶ. ಹಡಗುಗಳ ಕಪ್ತಾನರಿಗೆ 100 ಪೌಂಡಿನ ಖಡ್ಗ. ಕೈಯನ್ನೋ ಕಾಲನ್ನೋ ಕಳೆದುಕೊಂಡು ಅಶಕ್ತನಾದ ನಾವಿಕನಿಗೆ 40 ಪೌಂಡ್. ತೀವ್ರವಾಗಿ ಗಾಯಗೊಂಡವನಿಗೆ 20 ಪೌಂಡ್. ಅಲ್ಪ ಗಾಯವಾದವನಿಗೆ 10 ಪೌಂಡ್. ಮಡಿದವರ ಕುಟುಂಬಗಳಿಗೂ ನೆರವು ಘೋಷಣೆಯಾಯಿತು. ಎರಡು ದಿನಗಳ ಬಳಿಕ ದೇಶದಾದ್ಯಂತ ನಡೆದ ಕೃತಜ್ಞತಾ ಪ್ರಾರ್ಥನೆಯ ದಿನ ಚರ್ಚುಗಳಲ್ಲಿ ಸಂಗ್ರಹವಾದ ಕಾಣಿಕೆಯೂ ಈ ನಿಧಿಯನ್ನು ಸೇರಿತು.

ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 1797ರಲ್ಲಿ ವೇತನ ಹೆಚ್ಚಳವಾದ ಮೇಲೂ ನುರಿತ ನಾವಿಕನಿಗೆ 28 ದಿನಗಳ ತಿಂಗಳಿಗೆ ಸಿಗುತ್ತಿದ್ದುದು 30 ಶಿಲಿಂಗ್‌ಗಿಂತ ಕಡಮೆ. ಪೌಂಡಿಗೆ 20 ಶಿಲಿಂಗ್‌ನಂತೆ ಲೆಕ್ಕ ಹಾಕಿದರೆ, ಒಂದು 100 ಪೌಂಡಿನ ಖಡ್ಗ ಅವನ ಐದು ವರ್ಷಗಳ ದುಡಿಮೆಗೂ ಮಿಗಿಲು. ಒಂದು ಕಾಲು ಹೋದದ್ದಕ್ಕೆ ಕೊಡುತ್ತಿದ್ದ ಪರಿಹಾರದ ಎರಡೂವರೆ ಪಟ್ಟು. ಆ ಕಾಲದ ಶ್ರೇಣಿಬದ್ಧ ಸಮಾಜಕ್ಕೆ ಇದರಲ್ಲಿ ಅಸಹಜವಾದುದೇನೂ ಕಾಣಿಸಿರಲಿಕ್ಕಿಲ್ಲ. ಅಲ್ಲದೆ, ಮೊಗ್ಗಿನಲ್ಲಿಯೇ ಬಾಡಿಹೋದ ಅನೇಕ ಸಂಸಾರಗಳಿಗೆ ಆ 40 ಪೌಂಡ್‌ಗಳೇ ಆಸರೆಯಾಗಿದ್ದಿರಬೇಕು. ಆದರೂ ಒಂದೇ ಪೆಟ್ಟಿಗೆಯ ಹಣದಿಂದ ಚಿನ್ನದ ಲೇಪಕ್ಕೂ ಮರದ ಕಾಲಿಗೂ ವ್ಯಯವಾಗುತ್ತಿದೆ ಎಂಬ ಅರಿವು ಬಹುಕಾಲ ಮರೆಯಾಗಿ ಉಳಿಯುವಂತಿರಲಿಲ್ಲ.

ಯುದ್ಧ ಮುಗಿಯಲಿಲ್ಲ. ಗಾಯಗೊಂಡವರ, ವಿಧವೆಯರ, ಅನಾಥರ ಪಟ್ಟಿ ಬೆಳೆಯುತ್ತಲೇ ಹೋಯಿತು. 1809ರಲ್ಲಿ ನಿಧಿಯವರು ಖಡ್ಗ ಮತ್ತು ಬೆಳ್ಳಿಯ ಕಲಶಗಳ ಕೊಡುಗೆಯನ್ನು ನಿಲ್ಲಿಸಿ, ಹಣವನ್ನು ನೊಂದವರ ನೆರವಿಗೆ ಮೀಸಲಿಟ್ಟರು. ಶೌರ್ಯದ ಬಗೆಗಿನ ಅವರ ಗೌರವ ಕುಂದಿತೆಂದು ಇದರ ಅರ್ಥವಲ್ಲ. ಎರಡೂ ಸಾಧ್ಯವಿಲ್ಲದಾಗ ಯಾವುದು ಮೊದಲು ಎಂಬ ಪ್ರಶ್ನೆಗೆ ಅವರು ಉತ್ತರ ಕಂಡುಕೊಂಡರು. ಇತಿಹಾಸ ಅವರ ತೀರ್ಮಾನವನ್ನು ಸಮರ್ಥಿಸಿದೆ. ಖಡ್ಗಗಳ ಕೊಡುಗೆ ನಿಂತು ಎರಡು ಶತಮಾನಗಳು ಕಳೆದಿವೆ. ನಿಧಿ ಮಾತ್ರ ಇಂದಿಗೂ ಉಳಿದು ಸೈನಿಕರ ಹಾಗೂ ಅವರ ಕುಟುಂಬಗಳ ನೆರವಿನ ಕಾರ್ಯದಲ್ಲಿ ತೊಡಗಿದೆ. ಖಡ್ಗಗಳಲ್ಲಿ ಹಲವು ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳನ್ನು ಸೇರಿವೆ.

ಗೌರವದ ಕುರುಹುಗಳು ವ್ಯರ್ಥವೆಂದು ಇದರಿಂದ ತಿಳಿಯಬಾರದು. ಮನುಷ್ಯ ಕೇವಲ ಸಂಬಳಕ್ಕಾಗಿ ಪ್ರಾಣವನ್ನು ಒತ್ತೆಯಿಡುವುದಿಲ್ಲ. ತನ್ನ ಕಾರ್ಯವನ್ನು ಜನ ಕಂಡರು, ಹೆಸರಿಟ್ಟು ನೆನೆದರು ಎಂಬ ಭಾವನೆ ಅವನಿಗೆ ಬೇಕು. ಸ್ವತಂತ್ರ ಭಾರತದಲ್ಲಿ ಪರಮವೀರ ಚಕ್ರವೇ ಮೊದಲಾದ ಶೌರ್ಯ ಪದಕಗಳಿಗೆ ಅಧಿಕಾರಿ, ಜವಾನ ಎಂಬ ಭೇದವಿಲ್ಲ. ಸೇನೆಯ ಯಾವ ಶ್ರೇಣಿಯವನೂ ಅದಕ್ಕೆ ಅರ್ಹ. ಖಡ್ಗದ ಮೂರು ದರ್ಜೆಗಳ ಕಾಲದಿಂದ ಇದು ದೂರದ ಹಾದಿ. ಪದಕದಲ್ಲಿರುವ ಲೋಹದ ಬೆಲೆ ಹೆಚ್ಚಿನದಲ್ಲ. ಅದರ ಹಿಂದಿರುವ ಜನತೆಯ ಮನ್ನಣೆಯೇ ಅದರ ಬೆಲೆ.

ಮನ್ನಣೆಯ ಜೊತೆಗೆ ನೆರವಿನ ಹೊಣೆಯೂ ಇದೆ. ಡಿಸೆಂಬರ್ ತಿಂಗಳ 4ರಂದು ದೇಶದಲ್ಲಿ ನೌಕಾಪಡೆಯ ದಿನಾಚರಣೆ ನಡೆಯುತ್ತದೆ. 1971ರ ಯುದ್ಧದಲ್ಲಿ ಭಾರತದ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಮೇಲೆ ನಡೆಸಿದ ದಾಳಿಯ ಸ್ಮರಣೆಯ ದಿನ ಅದು. ಅದಾದ ಮೂರು ದಿನಗಳಿಗೆ, ಡಿಸೆಂಬರ್ 7ರಂದು, 1949ರಿಂದ ನಡೆದುಬಂದಿರುವ ಸಶಸ್ತ್ರ ಪಡೆಗಳ ಧ್ವಜ ದಿನ ಬರುತ್ತದೆ. ಕೆಂಪು, ಕಡು ನೀಲಿ, ತಿಳಿ ನೀಲಿ ಬಣ್ಣಗಳ ಪುಟ್ಟ ಕಾಗದದ ಧ್ವಜವನ್ನು ಎದೆಗೆ ಚುಚ್ಚಿಕೊಂಡು ಶಾಲಾ ಮಕ್ಕಳೂ ನೌಕರರೂ ಪೆಟ್ಟಿಗೆಗೆ ಹಣ ಹಾಕುತ್ತಾರೆ. ಹಿಂದೆ ಬೇರೆಬೇರೆಯಾಗಿದ್ದ ಹಲವು ನಿಧಿಗಳನ್ನು 1993ರಲ್ಲಿ ಒಂದುಗೂಡಿಸಿ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಯನ್ನಾಗಿ ಮಾಡಲಾಯಿತು. ಮಡಿದ ಯೋಧರ ಕುಟುಂಬಗಳು, ಅಂಗವಿಕಲರಾದ ಸೈನಿಕರು, ಕಷ್ಟದಲ್ಲಿರುವ ಮಾಜಿ ಸೈನಿಕರು ಹಾಗೂ ಅವರ ಅವಲಂಬಿತರಿಗೆ ಅದರಿಂದ ನೆರವು ಸಲ್ಲುತ್ತದೆ. ಕೇಂದ್ರೀಯ ಸೈನಿಕ ಮಂಡಳಿ ಮತ್ತು ಜಿಲ್ಲೆಗಳಲ್ಲಿರುವ ಸೈನಿಕ ಮಂಡಳಿಗಳು ಈ ಕಾರ್ಯದ ಕೊಂಡಿಗಳು.

ಲಂಡನ್ನಿನ ವರ್ತಕರು ಆರು ವರ್ಷಗಳ ಅನುಭವದಿಂದ ಕಲಿತ ಪಾಠ ಸರಳವಾದುದು. ಖಡ್ಗ ಒಬ್ಬನ ಗೋಡೆಯನ್ನು ಅಲಂಕರಿಸುತ್ತದೆ. ಅದೇ ಹಣ ಹಲವರ ಒಲೆ ಆರದಂತೆ ಕಾಯುತ್ತದೆ. ಖಡ್ಗದ ಹಿಡಿಯ ಮೇಲೆ ಅವರೇ ಕೆತ್ತಿಸಿದ್ದ ಕೋಲುಗಳ ಕಟ್ಟಿನ ಅರ್ಥ ಐಕ್ಯ. ಆ ಕಟ್ಟಿನಲ್ಲಿ ಕಪ್ತಾನನ ಕೋಲು ಎಷ್ಟು ಮುಖ್ಯವೋ ಖಲಾಸಿಯ ಕೋಲೂ ಅಷ್ಟೇ ಮುಖ್ಯ. ಒಂದನ್ನು ಕಡೆಗಣಿಸಿದರೆ ಕಟ್ಟು ಸಡಿಲವಾಗುತ್ತದೆ. ಧ್ವಜ ದಿನದಂದು ಪೆಟ್ಟಿಗೆಗೆ ಬೀಳುವ ಚಿಕ್ಕ ನಾಣ್ಯವೂ ಆ ಕಟ್ಟನ್ನು ಬಿಗಿಗೊಳಿಸುವ ಒಂದು ಎಳೆ.